ಅಜ್ಜಿಯ ಸಕ್ಕರೆ ಅಚ್ಚಿಗೆ ರಬ್ಬರ್ ಜೋಡಿ: ಸಿಲಿಕೋನ್-ಕಾರ್ನ್‌ಫ್ಲೋರ್ ಮುದ್ದೆ ಯಾರಾದರೂ ಮಾಡಿದ್ದೀರಾ?

ಉಣಕಲ್ ದಂಡೆ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಸಾಗವಾನಿ ಅಚ್ಚುಗಳಿವೆ. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಮಾಡುವ ಅಚ್ಚು. ಎರಡು ಹೋಳು ಜೋಡಿಸಿ ಪಾಕ ಸುರಿದರೆ ಸಕ್ಕರೆ ಬೊಂಬೆ ಬರುತ್ತದೆ. ನವಿಲು, ಒಂಟೆ, ತೇರು, ಬಾಳೆಕಂಬ ಎಲ್ಲ ಸರಿ ಇವೆ. ಆನೆಯದು ಮಾತ್ರ ಒಂದೇ ಹೋಳು ಉಳಿದಿದೆ. ಇನ್ನೊಂದು ಹೋಳಿಗೆ ಗೆದ್ದಲು ಹಿಡಿದು ಪುಡಿಪುಡಿ ಆಯ್ತು. ಪೇಟೆಯಲ್ಲಿ ಬೇರೆ ಆನೆ ಅಚ್ಚು ಸಿಗುತ್ತವೆ, ಇಲ್ಲ ಅಂತಲ್ಲ. ಆದರೆ ಈ ಆನೆಯ ಮೇಲೆ ಅಂಬಾರಿ ಇದೆ, ಸೊಂಡಿಲಲ್ಲಿ ಹೂವಿದೆ. ಅವ್ವನಿಗೆ ಇದೇ ಆನೆ ಬೇಕು. ನನಗೂ ಅಷ್ಟೇ.

ಅದಕ್ಕೆ ರಬ್ಬರಿನಲ್ಲಿ ಅಚ್ಚು ತೆಗೆಯೋಣ ಅಂತ ಹೊರಟಿದ್ದೇನೆ. ಹಾರ್ಡ್‌ವೇರ್ ಅಂಗಡಿಯ ಸಿಲಿಕೋನ್ ಟ್ಯೂಬಿಗೆ ಕಾರ್ನ್‌ಫ್ಲೋರ್ ಹಾಕಿ ನಾದಿದರೆ ಚಪಾತಿ ಕಣಕದಂಥ ಮುದ್ದೆ ಆಗುತ್ತದೆ, ಬೇಕಾದ ಆಕಾರಕ್ಕೆ ಒತ್ತಬಹುದು, ಆಮೇಲೆ ರಬ್ಬರ್ ಆಗುತ್ತದೆ. ಇದನ್ನು ಮೂರು ಸಲ ಮಾಡಿ ನೋಡಿದೆ.

ಮೊದಲ ಸಲ ಹಿಟ್ಟು ಕಡಿಮೆ ಹಾಕಿದ್ದೆ. ಕೈಗೆಲ್ಲ ಅಂಟಿತು. ಎರಡು ದಿನ ಬಿಟ್ಟು ಕತ್ತರಿಸಿದರೆ ಮೇಲೆ ರಬ್ಬರ್, ಒಳಗೆ ಇನ್ನೂ ಟೂತ್‌ಪೇಸ್ಟ್. ಎರಡನೇ ಸಲ ಹಿಟ್ಟು ಎರಡರಷ್ಟು ಹಾಕಿದೆ. ಒತ್ತುವುದರೊಳಗೇ ಬಿಗಿದುಕೊಂಡಿತು, ಬಗ್ಗಿಸಿದರೆ ಮುರಿಯಿತು. ಮೂರನೇ ಸಲ ಹದ ಸರಿ ಬಂತು, ಆದರೆ ಹಳೇ ಲಟ್ಟಣಿಗೆ ಮಣೆಯ ಮೇಲೆ ಒತ್ತಿ ನೋಡಿದ್ದಕ್ಕೆ ಅಲ್ಲೇ ಕಚ್ಚಿಕೊಂಡು ಕುಳಿತಿದೆ. ಪುಣ್ಯಕ್ಕೆ ಅಜ್ಜಿಯ ಅಚ್ಚಿನ ಮೇಲೆ ಮಾಡಲಿಲ್ಲ.

ಹದ ಎಷ್ಟು? ಕಟ್ಟಿಗೆಗೆ ಅಂಟದ ಹಾಗೆ ಏನು ಸವರಬೇಕು? ಹುಣ್ಣಿಮೆಗೆ ಇನ್ನೂ ಎರಡು ತಿಂಗಳಿದೆ.

ಗೋಕುಲ್ ರೋಡ್ ಫಿಟ್ಟರ್

ತಮ್ಮಾ, ಟ್ಯೂಬಿನ ಮೂತಿ ಬಿಚ್ಚಿದ ತಕ್ಷಣ ವಿನೆಗರ್ ಹಾಗೆ ಹುಳಿ ವಾಸನೆ ಬರುತ್ತದಾ? ಬರಬೇಕು. ಈ ಮುದ್ದೆಗೆ ಆ ಜಾತಿಯ ಸಿಲಿಕೋನೇ ಚೆನ್ನಾಗಿ ಹೊಂದುತ್ತದೆ. ವಾಸನೆ ಇಲ್ಲದ ನ್ಯೂಟ್ರಲ್ ಟ್ಯೂಬ್ ತಂದರೆ ತಾಸುಗಟ್ಟಲೆ ಕಾಯಬೇಕು.

ಅಳತೆ ತೂಕದಲ್ಲಿ ಬೇಡ, ಬಟ್ಟಲಲ್ಲಿ ಮಾಡು. ಒಂದು ಬಟ್ಟಲು ಸಿಲಿಕೋನಿಗೆ ಒಂದು ಬಟ್ಟಲು ಹಿಟ್ಟು. ಮೊದಲು ಅರ್ಧ ಹಿಟ್ಟು ಹಾಕಿ ಕಡ್ಡಿಯಿಂದ ತಿರುವು. ಆಮೇಲೆ ಕೈಗೆ ಹಿಟ್ಟು ಹಚ್ಚಿಕೊಂಡು ನಾದು. ಹಿಟ್ಟು ಜಾಸ್ತಿ ಆದಷ್ಟೂ ಬೇಗ ಬಿಗಿಯುತ್ತದೆ, ಗಡಸಾಗುತ್ತದೆ, ಎಳೆತ ಹೋಗುತ್ತದೆ. ನಿನ್ನ ಎರಡನೇ ಸಲದ ಕಥೆ ಅದೇ. ನಾನು ವರ್ಕ್‌ಶಾಪಿನಲ್ಲಿ ಉಪಕರಣದ ಹಿಡಿಕೆಗೆ, ಕಿತ್ತುಹೋದ ಚಾರ್ಜರ್ ವೈರಿನ ಬುಡಕ್ಕೆ ಇದನ್ನೇ ಸುತ್ತುತ್ತೇನೆ. ಒಂದು ಇಕ್ಕಳದ ಹಿಡಿಕೆ ನಾಲ್ಕು ವರ್ಷದಿಂದ ಹಾಗೇ ಇದೆ.

ಕಟ್ಟಿಗೆಗೆ ವ್ಯಾಸಲೀನ್ ತೆಳ್ಳಗೆ ಸವರು. ಗೆರೆಗಳಲ್ಲಿ ತುಂಬಿಕೊಳ್ಳಬಾರದು. ಹಳೇ ಬ್ರಷ್ ತಗೋ.

ಕಿಟಕಿ ತೆಗೀರಿ

ದಯವಿಟ್ಟು ಬಾಗಿಲು ಮುಚ್ಚಿಕೊಂಡು ನಾದಬೇಡಿ. ಕಣ್ಣು ಉರಿಯುತ್ತದೆ. ಮಕ್ಕಳಿದ್ದರೆ ಅಂಗಳದಲ್ಲಿ ಮಾಡಿ.

ಬ್ಯಾಡಗಿ ಘಾಟು (ಹಾವೇರಿ ಜಿಲ್ಲೆ)

ನಮ್ಮ ಕಡೆ ಹೊಲದ ತುಂಬ ಗೋವಿನಜೋಳ. ಗಿರಣಿಯಲ್ಲಿ ಬೀಸಿದ ಗೋವಿನಜೋಳದ ಹಿಟ್ಟು ನಡೆಯುತ್ತದಾ? ಅಂಗಡಿ ಪಾಕೀಟಿಗೆ ಯಾಕೆ ದುಡ್ಡು ಕೊಡಬೇಕು?

ಲ್ಯಾಬ್ ಅಕ್ಕ (ಧಾರವಾಡ)

ನಡೆಯಲ್ಲ ಅಣ್ಣಾ. ಗಿರಣಿ ಹಿಟ್ಟಿನಲ್ಲಿ ತೌಡು, ಎಣ್ಣೆಯಂಶ ಎಲ್ಲ ಇರುತ್ತದೆ, ತರಿಯೂ ಜಾಸ್ತಿ. ಕಾರ್ನ್‌ಫ್ಲೋರ್ ಅಂದರೆ ಕಾಳಿನೊಳಗಿನ ಬರೀ ಪಿಷ್ಟ. ಬೆಳ್ಳಗೆ, ಮುಟ್ಟಿದರೆ ಕಿರ್ರ್ ಅನ್ನುತ್ತದೆ. ಎರಡೂ ಬೇರೆ ಬೇರೆ.

ಉಣಕಲ್ ದಂಡೆಯವರೇ, ನಿಮ್ಮ ಮೊದಲ ಮುದ್ದೆ ಒಳಗೆ ಯಾಕೆ ಹಸಿಯಾಗಿತ್ತು ಅಂತ ಹೇಳುತ್ತೇನೆ. ಈ ಸಿಲಿಕೋನ್ ಬಣ್ಣದ ಹಾಗೆ ಒಣಗುವುದಿಲ್ಲ. ಗಾಳಿಯಲ್ಲಿರುವ ನೀರಿನ ತೇವ ಹೀರಿಕೊಂಡು ಅದರ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಆಗ ಅಸಿಟಿಕ್ ಆಮ್ಲ ಹೊರಗೆ ಬರುತ್ತದೆ. ವಿನೆಗರ್ ವಾಸನೆ ಅದರದ್ದೇ. ಮೇಲೆ ಚರ್ಮ ಕಟ್ಟಿದ ಮೇಲೆ ತೇವ ಒಳಗೆ ಇಳಿಯುವುದು ನಿಧಾನ. ದಿನಕ್ಕೆ ಎರಡು ಮೂರು ಮಿಲಿಮೀಟರ್ ಆಳ ಅಷ್ಟೇ. ಕಾರ್ನ್‌ಫ್ಲೋರ್ ಒಳಗೇ ಸ್ವಲ್ಪ ತೇವ ಇಟ್ಟುಕೊಂಡಿರುತ್ತದೆ. ಅದನ್ನು ಮುದ್ದೆಯ ನಡುವಿಗೂ ಒಯ್ಯುತ್ತದೆ. ಅದಕ್ಕೇ ದಪ್ಪ ಮುದ್ದೆಯೂ ಒಳಹೊರಗೆ ಒಟ್ಟಿಗೆ ಬಿಗಿಯುತ್ತದೆ. ಬದಲಿಗೆ ಟಾಲ್ಕಂ ಪೌಡರ್ ಹಾಕಿದರೆ ಮುದ್ದೆ ಗಟ್ಟಿ ಆಗುತ್ತದೆ ಹೊರತು ಈ ಕೆಲಸ ಆಗಲ್ಲ.

ಹವೆಯೂ ಲೆಕ್ಕಕ್ಕೆ ಬರುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಹತ್ತು ನಿಮಿಷಕ್ಕೆ ಬಿಗಿಯುವ ಮುದ್ದೆ, ಗದಗಿನ ಏಪ್ರಿಲ್ ಬಿಸಿಲಿನಲ್ಲಿ ಜಾಸ್ತಿ ಹೊತ್ತು ತಗೊಳ್ಳುತ್ತದೆ. ಹಾಗಾಗಿ ಮೊದಲು ಚಿಕ್ಕ ಗೋಲಿಯಷ್ಟು ಮಾಡಿ ಗಡಿಯಾರ ನೋಡಿ.

ಫಿಟ್ಟರ್ ಅಣ್ಣಾ, ಒಂದು ತಿದ್ದುಪಡಿ. ವಿನೆಗರ್ ವಾಸನೆಯ ಸಿಲಿಕೋನನ್ನು ತಾಮ್ರದ ತಂತಿ ಬಿಚ್ಚಿರುವ ಕಡೆ ಹಾಕಬೇಡಿ. ಆ ಆಮ್ಲ ತಾಮ್ರವನ್ನು ತಿನ್ನುತ್ತದೆ, ಹಸಿರುಗಟ್ಟುತ್ತದೆ. ವೈರಿಗೆ ನ್ಯೂಟ್ರಲ್ ಟ್ಯೂಬೇ ಸರಿ.

ಗೋಕುಲ್ ರೋಡ್ ಫಿಟ್ಟರ್

ಒಪ್ಪಿದೆ ಅಕ್ಕಾ. ನಾನು ಸುತ್ತಿದ್ದು ಮೇಲಿನ ಪ್ಲಾಸ್ಟಿಕ್ ಕವಚಕ್ಕೆ. ಆದರೂ ಇನ್ನು ಮೇಲೆ ನ್ಯೂಟ್ರಲ್ ಹಾಕುತ್ತೇನೆ.

ಸಾಧನಕೇರಿ ಸಂಜೆ

ಎಲ್ಲರೂ ಹದದ ಬಗ್ಗೆ ಮಾತಾಡುತ್ತಿದ್ದೀರಿ. ಆ ಅಚ್ಚಿಗೆ ಸಕ್ಕರೆ ಪಾಕ ಸುರಿಯುತ್ತಾರೆ, ಆ ಆನೆಯನ್ನು ಮಕ್ಕಳು ತಿನ್ನುತ್ತಾರೆ ಅನ್ನುವುದು ಯಾರಿಗೂ ಹೊಳೆಯಲಿಲ್ಲವಾ? ಬಚ್ಚಲಿನ ಸಂದಿಗೆ ತುಂಬುವ ಸಿಲಿಕೋನ್ ಅದು!

ಗೋಕುಲ್ ರೋಡ್ ಫಿಟ್ಟರ್

ಪೂರ್ತಿ ಬಿಗಿದ ಮೇಲೆ ಏನೂ ಆಗಲ್ಲ ರೀ. ಕೇಕ್ ಮಾಡುವ ಅಚ್ಚೂ ಸಿಲಿಕೋನೇ ಅಲ್ವಾ? ಪಾಕದ ಬಿಸಿ ಎಷ್ಟು, 115 ಡಿಗ್ರಿ ಆಸುಪಾಸು. ಸಿಲಿಕೋನ್ ಅದಕ್ಕಿಂತ ಜಾಸ್ತಿ ತಡೆಯುತ್ತದೆ.

ಲ್ಯಾಬ್ ಅಕ್ಕ

ಇಲ್ಲಿ ಸಾಧನಕೇರಿಯವರ ಮಾತೇ ಸರಿ. ಬಿಸಿ ತಡೆಯುತ್ತದೆ, ನಿಜ. ಆದರೆ ಪ್ರಶ್ನೆ ಬಿಸಿಯದ್ದಲ್ಲ. ಬಚ್ಚಲು, ಸಿಂಕಿಗೆ ಮಾರುವ ಎಷ್ಟೋ ಟ್ಯೂಬುಗಳಲ್ಲಿ ಬೂಷ್ಟು ಹಿಡಿಯದಿರಲಿ ಅಂತ ಶಿಲೀಂಧ್ರನಾಶಕ ಸೇರಿಸಿರುತ್ತಾರೆ. ಕೆಲವಕ್ಕೆ ತೆಳು ಮಾಡುವ ಎಣ್ಣೆಯೂ ಇರುತ್ತದೆ. ಅದು ಬಿಸಿ ಪಾಕಕ್ಕೆ ಇಳಿಯಬಾರದು. ಸಾಲದ್ದಕ್ಕೆ ನಾವು ಪಿಷ್ಟ ಬೇರೆ ಸೇರಿಸಿದ್ದೇವೆ. ತೊಳೆದಾಗ ಮೇಲ್ಮೈಯಲ್ಲಿರುವ ಪಿಷ್ಟ ನೀರು ಕುಡಿಯುತ್ತದೆ, ಅಲ್ಲಿ ಬೂಷ್ಟು ಬೆಳೆಯುತ್ತದೆ.

ತಿನ್ನುವ ಪದಾರ್ಥಕ್ಕೆ ಬೇರೆ ಜಾತಿ ಇದೆ. ಎರಡು ಡಬ್ಬಿಯಲ್ಲಿ ಬರುವ ಪ್ಲಾಟಿನಂ ಸಿಲಿಕೋನ್ ಪುಟ್ಟಿ. ಡಬ್ಬಿಯ ಮೇಲೆ ಫುಡ್ ಗ್ರೇಡ್ ಅಂತ ಸ್ಪಷ್ಟವಾಗಿ ಬರೆದಿರಬೇಕು. ಎರಡನ್ನೂ ಸಮ ಸಮ ತಗೊಂಡು ಬಣ್ಣ ಒಂದಾಗುವ ತನಕ ನಾದುವುದು, ಒತ್ತುವುದು. ಸಾಮಾನ್ಯವಾಗಿ ಅರ್ಧ ತಾಸಿನಲ್ಲಿ ರಬ್ಬರ್. ಇದಕ್ಕೆ ಗಾಳಿಯ ತೇವ ಬೇಕಿಲ್ಲ, ವಾಸನೆ ಇಲ್ಲ, ಕುಗ್ಗುವುದೂ ತೀರಾ ಕಡಿಮೆ.

ಒಂದೇ ತೊಂದರೆ, ಗಂಧಕ ಮುಟ್ಟಿದರೆ ಇದು ಬಿಗಿಯುವುದೇ ಇಲ್ಲ. ಡಾಕ್ಟರ್ ಹಾಕುವ ಲೇಟೆಕ್ಸ್ ಗ್ಲೌಸಿನಲ್ಲಿ ಗಂಧಕ ಇರುತ್ತದೆ. ಮಕ್ಕಳು ಆಡುವ ಕೆಲವು ಎಣ್ಣೆಮಣ್ಣಿನಲ್ಲೂ ಇರುತ್ತದೆ. ವಿನೈಲ್ ಗ್ಲೌಸ್ ಹಾಕಿ, ಇಲ್ಲವೇ ಸೋಪಿನಿಂದ ಕೈ ತೊಳೆದು ಬರಿಗೈಯಲ್ಲಿ ನಾದಿ. ನಾನು ಮೊದಲ ಸಲ ಲೇಟೆಕ್ಸ್ ಗ್ಲೌಸ್ ಹಾಕಿಕೊಂಡು ಕಾಲು ಕಿಲೋ ಹಾಳು ಮಾಡಿದೆ. ಮೂರು ದಿನವಾದರೂ ಜಿಡ್ಡು ಜಿಡ್ಡು. ಎರಡು ದಿನ ನಿದ್ದೆ ಬರಲಿಲ್ಲ ನನಗೆ.

ಬ್ಯಾಡಗಿ ಘಾಟು

ಹಾಗಾದರೆ ಹಳೇ ಸೈಕಲ್ ಟ್ಯೂಬ್ ಕರಗಿಸಿ ಅಚ್ಚಿಗೆ ಸುರಿದರೆ? ಮನೆಯಲ್ಲಿ ರಾಶಿ ಇದೆ.

ಗೋಕುಲ್ ರೋಡ್ ಫಿಟ್ಟರ್

ಅದು ಕರಗಲ್ಲ ತಮ್ಮಾ, ಸುಡುತ್ತದೆ. ಕಪ್ಪು ಹೊಗೆ, ಕೆಟ್ಟ ವಾಸನೆ. ಮಾಡಬೇಡ.

ಲ್ಯಾಬ್ ಅಕ್ಕ

ಕಾರಣ ಇಷ್ಟೇ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಸೇರಿಸಿ ಬಿಸಿ ಮಾಡುವ ದಾರಿ ಕಂಡುಕೊಂಡ. ಅದಕ್ಕೂ ಮುಂಚೆ ರಬ್ಬರ್ ಬೇಸಿಗೆಯಲ್ಲಿ ಅಂಟುತ್ತಿತ್ತು, ಚಳಿಯಲ್ಲಿ ಒಡೆಯುತ್ತಿತ್ತು. ಗಂಧಕ ಅಣುಗಳ ನಡುವೆ ಕೊಂಡಿ ಹಾಕಿತು. ಟ್ಯೂಬು, ಟಯರು ಎಲ್ಲ ಆ ಕೊಂಡಿಯಿಂದಲೇ ನಿಂತಿರುವುದು. ಬೆಲ್ಲ ಕರಗಿಸಿದ ಹಾಗೆ ಅದನ್ನು ಮತ್ತೆ ಕರಗಿಸಲು ಬರುವುದಿಲ್ಲ.

ಬೊಂಬೆ ಪ್ಲಾಸ್ಟರ್ (ರಾಣೆಬೆನ್ನೂರು)

ತಿನ್ನುವುದಕ್ಕೆ ಅಲ್ಲದಿದ್ದರೆ ಹಾಲಿನಂಥ ಲೇಟೆಕ್ಸ್ ನೋಡಿ. ರಬ್ಬರ್ ಮರದ ಹಾಲೇ ಅದು. ಯಂತ್ರದಲ್ಲಿ ತಿರುಗಿಸಿ 60% ರಬ್ಬರ್ ಇರುವ ಹಾಗೆ ಗಟ್ಟಿ ಮಾಡಿರುತ್ತಾರೆ. ಕೆಡದಿರಲಿ ಅಂತ ಅಮೋನಿಯ ಹಾಕಿರುತ್ತಾರೆ, ಮೂಗಿಗೆ ಹೊಡೆಯುತ್ತದೆ. ಮೂರ್ತಿಯ ಮೇಲೆ ಬ್ರಷ್ಷಿನಿಂದ ಹಚ್ಚುವುದು, ಒಣಗಿಸುವುದು, ಮತ್ತೆ ಹಚ್ಚುವುದು. ಹತ್ತು ಹನ್ನೆರಡು ಪದರ. ನಡುವೆ ಗಾಜ್ ಬಟ್ಟೆ ಒಂದು ಸುತ್ತು. ಆಮೇಲೆ ಕಾಲುಚೀಲ ಬಿಚ್ಚಿದ ಹಾಗೆ ತಿರುವಿ ತೆಗೆಯಬಹುದು.

ನಾನು ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಬೊಂಬೆಗೆ ಇದನ್ನೇ ಬಳಸುತ್ತೇನೆ. ಸಿಲಿಕೋನಿಗಿಂತ ಅಗ್ಗ, ಎಳೆದರೆ ಹರಿದುಹೋಗುವುದೂ ಕಡಿಮೆ. ಆದರೆ ಎಣ್ಣೆ ಮತ್ತು ಬಿಸಿಲು ಇದಕ್ಕೆ ವೈರಿ. ಅಚ್ಚನ್ನು ಮಾಳಿಗೆಯ ಮೇಲೆ ಮರೆತರೆ ಮುಗಿಯಿತು. ವ್ಯಾಸಲೀನ್ ಕೂಡ ಸವರಬೇಡಿ, ಸೋಪಿನ ನೀರು ಸವರಿ.

ಕಪ್ಪತಗುಡ್ಡ ಗಾಳಿ (ಗದಗ)

ಒಳ್ಳೇ ವಿಷಯ. ನನಗೊಂದು ಆಸೆ. ಲಕ್ಕುಂಡಿಯ ಗುಡಿಯ ಬಾಗಿಲವಾಡದಲ್ಲಿ ಎಷ್ಟು ಚೆಂದದ ಬಳ್ಳಿಗಳಿವೆ! ಈ ಮುದ್ದೆ ಒತ್ತಿ ಒಂದು ತುಂಡು ಅಚ್ಚು ತೆಗೆದು ಮನೆಗೋಡೆಗೆ ಹಾಕಿಕೊಳ್ಳಬಹುದಾ?

ಬೆಟಗೇರಿ ಮಗ್ಗ

ಬೇಡ! ಖಂಡಿತ ಬೇಡ. ಅವು ಪುರಾತತ್ವ ಇಲಾಖೆ ಕಾಯುವ ಗುಡಿಗಳು. 1958ರ ಕಾಯ್ದೆ ಪ್ರಕಾರ ಹಾನಿ ಮಾಡಿದರೆ ಜೈಲೂ ಇದೆ. ಕಾಯ್ದೆ ಆಚೆಗಿರಲಿ, ಸಿಲಿಕೋನಿನ ಎಣ್ಣೆ ಕಲ್ಲಿನೊಳಗೆ ಇಳಿದು ಕಪ್ಪು ಕಲೆ ಬೀಳುತ್ತದೆ. ಅದನ್ನು ತೆಗೆಯುವುದು ಆಗದ ಮಾತು. ಅಲ್ಲಿನ ಬಳಪದ ಕಲ್ಲು ಮೆತ್ತಗೆ, ಚೂಪು ಅಂಚುಗಳು ಮುದ್ದೆಯ ಜೊತೆಗೇ ಕಿತ್ತು ಬರಬಹುದು. ಅಲ್ಲಿನ ಬ್ರಹ್ಮ ಜಿನಾಲಯ ಅತ್ತಿಮಬ್ಬೆ ಕಟ್ಟಿಸಿದ್ದು, 1007ರಲ್ಲಿ. ಸಾವಿರ ವರ್ಷ ನಿಂತ ಕಲ್ಲು ನಮ್ಮ ಒಂದು ಮಧ್ಯಾಹ್ನದ ಆಸೆಗೆ ಹಾಳಾಗಬಾರದು. ಫೋಟೋ ತೆಗೆದು, ನೋಡಿಕೊಂಡು ಮಣ್ಣಿನಲ್ಲಿ ಕೆತ್ತಿ. ಆ ಮಣ್ಣಿನ ಮೇಲೆ ಎಷ್ಟು ಬೇಕಾದರೂ ರಬ್ಬರ್ ಒತ್ತಿ.

ಕಪ್ಪತಗುಡ್ಡ ಗಾಳಿ

ಕೇಳಿದ್ದು ಒಳ್ಳೆಯದಾಯ್ತು. ಇಲ್ಲದಿದ್ದರೆ ಮಾಡಿಬಿಡುತ್ತಿದ್ದೆ. ಮಣ್ಣಿನಲ್ಲೇ ಕಲಿಯುತ್ತೇನೆ.

ಬೆಟಗೇರಿ ಮಗ್ಗ

ಈಗ ಆನೆಯ ವಿಷಯ. ಉಣಕಲ್ ದಂಡೆಯವರೇ, ರಬ್ಬರ್ ಯಾವುದು ಅನ್ನುವುದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ನಿಮ್ಮ ಹತ್ತಿರ ಇರುವುದು ಒಂದು ಹೋಳು. ಅದರ ಮೇಲೆ ಏನೇ ಒತ್ತಿ ನಕಲು ತೆಗೆದರೂ ಅದೇ ಹೋಳು ಬರುತ್ತದೆ. ಎಡ ಹೋಳು ಇದ್ದರೆ ಎರಡು ಎಡ ಹೋಳು ಆಗುತ್ತವೆ. ಜೋಡಿಸಿದರೆ ಒಂದರ ಸೊಂಡಿಲು ಈ ಕಡೆ, ಇನ್ನೊಂದರ ಸೊಂಡಿಲು ಆ ಕಡೆ. ನಿಮಗೆ ಬೇಕಾಗಿರುವುದು ಕನ್ನಡಿಯಲ್ಲಿ ಕಂಡ ಹೋಳು. ಅದು ಒತ್ತಿದರೆ ಬರಲ್ಲ.

ಉಣಕಲ್ ದಂಡೆ

ಅಯ್ಯೋ, ಇದು ನನ್ನ ತಲೆಗೆ ಬಂದೇ ಇರಲಿಲ್ಲ. ಎರಡು ಚಪ್ಪಲಿಯೂ ಎಡಗಾಲಿನದ್ದೇ ಆದ ಹಾಗೆ. ಅವ್ವನಿಗೆ ಓದಿ ಹೇಳಿದೆ. ಒಂದು ನಿಮಿಷ ಸುಮ್ಮನೆ ಕುಳಿತಳು. ಹಾಗಾದರೆ ದಾರಿ ಇಲ್ಲವಾ?

ಬೆಟಗೇರಿ ಮಗ್ಗ

ಇದೆ, ಸ್ವಲ್ಪ ಕೈಕೆಲಸ ಬೇಕು. ಇರುವ ಹೋಳಿಗೆ ಸೋಪಿನ ನೀರು ಸವರಿ ಪಿಒಪಿ ಸುರಿಯಿರಿ. ಅರ್ಧ ಆನೆ ಹೊರಗೆ ಬರುತ್ತದೆ, ಬೆನ್ನು ಚಪ್ಪಟೆ. ಅದರ ಅಂಚನ್ನು ಬಟರ್ ಪೇಪರಿನ ಮೇಲೆ ಗೆರೆ ಎಳೆದುಕೊಂಡು ಪೇಪರ್ ತಿರುವಿ ಹಾಕಿ. ಈಗ ಇನ್ನೊಂದು ಬದಿಯ ಅಂಚು ಸಿಕ್ಕಿತು. ಆ ಗೆರೆಯೊಳಗೆ ಮಣ್ಣಿನಿಂದ ಉಳಿದ ಅರ್ಧ ಆನೆ ಮಾಡಬೇಕು. ಎಡ ಬದಿಯನ್ನು ಪಕ್ಕದಲ್ಲಿಟ್ಟು ನೋಡಿ ನೋಡಿ ಮಾಡಿ. ಎರಡನ್ನೂ ಬೆನ್ನಿಗೆ ಬೆನ್ನು ಅಂಟಿಸಿದರೆ ಇಡೀ ಆನೆ. ಅದರ ಮೇಲೆ ಪುಟ್ಟಿ ಒತ್ತಿ ಎರಡು ಹೋಳಿನ ಅಚ್ಚು ತೆಗೆಯಿರಿ.

ಎರೆಮಣ್ಣು ಬೇಡ, ಒಣಗಿದರೆ ಬಿರುಕು ಬಿಡುತ್ತದೆ. ಕುಂಬಾರರ ಹತ್ತಿರ ಹದ ಮಾಡಿದ ಮಣ್ಣು ಕೇಳಿ.

ಸಾಧನಕೇರಿ ಸಂಜೆ

ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಕೈ ಮನೆಯಲ್ಲಿದ್ದರೆ ಆನೆ ಯಾವ ಲೆಕ್ಕ! ಅವ್ವನಿಗೇ ಕೊಡಿ.

ಬೊಂಬೆ ಪ್ಲಾಸ್ಟರ್

ನಾನು ಮಣ್ಣೆತ್ತಿಗೂ ರಬ್ಬರ್ ಅಚ್ಚು ಮಾಡಿಟ್ಟಿದ್ದೇನೆ. ಒಂದು ತಾಸಿಗೆ ಇಪ್ಪತ್ತು ಜೋಡಿ.

ಬ್ಯಾಡಗಿ ಘಾಟು

ಅದು ನನಗೆ ಸರಿ ಕಾಣಲ್ಲ. ನಮ್ಮೂರಲ್ಲಿ ಕುಂಬಾರರು ಮನೆಮನೆಗೆ ಎತ್ತು ತಂದುಕೊಡುತ್ತಾರೆ, ನಾವು ಜೋಳ ಕೊಡುತ್ತೇವೆ. ಅಚ್ಚಿನ ಎತ್ತು ಬಂದರೆ ಅವರ ಕೈಗೆ ಕೆಲಸ ಎಲ್ಲಿ?

ಬೊಂಬೆ ಪ್ಲಾಸ್ಟರ್

ಮಾರುವುದಕ್ಕಲ್ಲ ರೀ, ಶಾಲೆಯ ಮಕ್ಕಳಿಗೆ. ಅಚ್ಚಿನಿಂದ ತೆಗೆದ ಎತ್ತಿಗೆ ಕೊಂಬು, ಕಿವಿ ಅವರೇ ಅಂಟಿಸುತ್ತಾರೆ. ಮುಂದಿನ ವರ್ಷ ಅರ್ಧ ಮಕ್ಕಳು ಅಚ್ಚೇ ಬೇಡ ಅನ್ನುತ್ತಾರೆ. ಆದರೂ ನಿಮ್ಮ ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತೇನೆ.

ಮುಳಗುಂದ ನಾಕಾ (ಗದಗ)

ನಾನು ಮೂವತ್ತು ವರ್ಷದಿಂದ ಸಕ್ಕರೆ ಆರತಿ ಮಾಡುತ್ತಿದ್ದೇನೆ. ರಬ್ಬರ್ ಗೊತ್ತಿಲ್ಲ, ಪಾಕ ಗೊತ್ತು. ಕಟ್ಟಿಗೆ ಅಚ್ಚನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆ ಇಡುತ್ತೇವೆ ಅಲ್ವಾ, ಅದು ಸುಮ್ನೆ ಅಲ್ಲ. ನೀರು ಕುಡಿದ ಕಟ್ಟಿಗೆ ಪಾಕವನ್ನು ಬೇಗ ತಣಿಸುತ್ತದೆ, ಅಂಟಲು ಬಿಡುವುದಿಲ್ಲ. ರಬ್ಬರ್ ನೀರು ಕುಡಿಯುವುದಿಲ್ಲ. ಹಾಗಾಗಿ ಜಾಸ್ತಿ ಹೊತ್ತು ಬಿಡಬೇಕಾಗುತ್ತದೆ. ಅವಸರ ಮಾಡಿ ಬಿಚ್ಚಿದರೆ ಹೊಟ್ಟೆ ಒಳಗೆ ಕುಸಿಯುತ್ತದೆ.

ಸಕ್ಕರೆಗೆ ಸ್ವಲ್ಪ ಹಾಲು ಹಾಕಿ ಕೊಳೆ ತೆಗೆಯಿರಿ. ಪಾಕ ಬಂದ ಮೇಲೆ ಪಾತ್ರೆಯ ಪಕ್ಕಕ್ಕೆ ಸೌಟಿನಿಂದ ಉಜ್ಜುತ್ತಾ ಇರಿ. ಬೆಳ್ಳಗೆ ಮಬ್ಬು ಬಂದ ಕೂಡಲೇ ಸುರಿಯಬೇಕು. ಉಜ್ಜದಿದ್ದರೆ ಗಾಜಿನಂಥ ಆನೆ ಬರುತ್ತದೆ, ಆರತಿ ಆಗುವುದಿಲ್ಲ. ರಬ್ಬರಿನಲ್ಲಿ ಒಂದು ಹನಿ ನೀರೂ ಇರಬಾರದು ಅಂತ ನನ್ನ ಅಂದಾಜು. ಹನಿ ಇದ್ದ ಕಡೆ ತೂತು ಬೀಳುತ್ತದೆ.

ನನ್ನ ಮದುವೆ ಗೊತ್ತಾದ ವರ್ಷ ಗಂಡಿನ ಮನೆಯಿಂದ ಬಂದ ಸಕ್ಕರೆ ಆರತಿಯಲ್ಲೂ ಅಂಬಾರಿ ಆನೆ ಇತ್ತು. ನಿಮ್ಮ ಬರಹ ಓದಿ ಅದು ನೆನಪಾಯ್ತು. ಬಿಡಬೇಡಿ, ಮಾಡಿ.

ಗೋಕುಲ್ ರೋಡ್ ಫಿಟ್ಟರ್

ಪಾಕ ಸುರಿಯುವ ಮುಂಚೆ ಎರಡು ಹೋಳನ್ನೂ ಸೇರಿಸಿ ಬರೀ ದಾರ ಬಿಗಿದು ಕಟ್ಟಿದರೆ ರಬ್ಬರ್ ಒಳಗೆ ಒತ್ತಿಕೊಳ್ಳುತ್ತದೆ, ಆನೆ ಸಪೂರ ಆಗುತ್ತದೆ. ಎರಡೂ ಬದಿಗೆ ಚಿಕ್ಕ ಪ್ಲೈವುಡ್ ತುಂಡು ಇಟ್ಟು ಅದರ ಮೇಲೆ ಕಟ್ಟಿ. ಇನ್ನೊಂದು, ಈ ಪುಟ್ಟಿ ಬೇರೆ ವಸ್ತುಗಳಿಗೆ ಸಾಮಾನ್ಯವಾಗಿ ಅಂಟದಿದ್ದರೂ ಸಿಲಿಕೋನಿಗೆ ಅಂಟುತ್ತದೆ. ಮೊದಲ ಹೋಳಿನ ಅಂಚಿಗೆ ವ್ಯಾಸಲೀನ್ ಸವರದೆ ಎರಡನೇ ಹೋಳು ಒತ್ತಿದರೆ ಎರಡೂ ಒಂದೇ ಆಗಿ ಕೂರುತ್ತವೆ. ಅಂಚಿನಲ್ಲಿ ಪೆನ್ನಿನ ಹಿಂಬದಿಯಿಂದ ನಾಲ್ಕು ಗುಳಿ ಮಾಡು, ಜೋಡಿಸುವಾಗ ಜಾರುವುದಿಲ್ಲ.

ಉಣಕಲ್ ದಂಡೆ (ಆರು ವಾರದ ನಂತರ)

ಸುದ್ದಿ ಹೇಳಲು ಬಂದೆ.

ಮೊದಲು ಒಂದು ಮಾತು. ಪುಟ್ಟಿ ಕೊಳ್ಳಲು ಹೋದ ಒಂದು ಅಂಗಡಿಯವರು ಅದೇ ಅಂತ ಹೇಳಿ ಬಿಳಿ ಡಬ್ಬಿಯ ಜೊತೆ ಚಿಕ್ಕ ಸೀಸೆ ಕೊಟ್ಟರು. ಮನೆಗೆ ಬಂದು ಓದಿದರೆ ನೂರಕ್ಕೆ ಮೂರು ಭಾಗ ಸೀಸೆಯ ದ್ರವ ಹಾಕಿ ಅಂತ ಇತ್ತು.

ಲ್ಯಾಬ್ ಅಕ್ಕ

ಅದು ತವರದಿಂದ ಬಿಗಿಯುವ ಸಿಲಿಕೋನ್ ಜಾತಿ. ಪಿಒಪಿ, ಮೇಣದ ಬತ್ತಿಗೆ ಸರಿ, ತಿನ್ನುವುದಕ್ಕೆ ಅಲ್ಲ. ಕೆಲವು ವರ್ಷಕ್ಕೆ ಕುಗ್ಗುತ್ತದೆ, ಒಡೆಯುತ್ತದೆ ಕೂಡ.

ಉಣಕಲ್ ದಂಡೆ

ಹೌದಕ್ಕಾ, ನೀವು ಮೊದಲೇ ಹೇಳಿದ್ದಕ್ಕೆ ಗೊತ್ತಾಯ್ತು. ಹಿಂದಿರುಗಿಸಿ ಫುಡ್ ಗ್ರೇಡ್ ಪುಟ್ಟಿ ತರಿಸಿದೆ.

ಅರ್ಧ ಆನೆ ಪಿಒಪಿಯಲ್ಲಿ ಸಲೀಸಾಗಿ ಬಂತು. ಉಳಿದ ಅರ್ಧವನ್ನು ಅವ್ವ ಮಾಡಿದಳು. ನಾಲ್ಕು ದಿನ, ಮಧ್ಯಾಹ್ನದ ಊಟ ಆದ ಮೇಲೆ. ಅಂಬಾರಿಯ ಜಾಲರಿಗೆ ಹೊಲಿಗೆ ಸೂಜಿ, ಕಣ್ಣಿಗೆ ಸಾಸಿವೆ ಕಾಳು ಒತ್ತಿದಳು. ಒಂದು ಕಿವಿ ಅಜ್ಜಿಯ ಆನೆಗಿಂತ ಸ್ವಲ್ಪ ದೊಡ್ಡದಾಗಿದೆ. ತಿದ್ದೋಣವಾ ಅಂದೆ. ಇರಲಿ, ಇದು ನನ್ನ ಕಿವಿ ಅಂದಳು.

ಪುಟ್ಟಿ ಒತ್ತುವ ಮುಂಚೆ ಕಾರ್ನ್‌ಫ್ಲೋರ್ ಮುದ್ದೆಯಲ್ಲಿ ಎರಡು ಸಲ ಅಭ್ಯಾಸ ಮಾಡಿದೆ. ಅಗ್ಗದ ಮುದ್ದೆ ಅದಕ್ಕೆ ತುಂಬಾ ಉಪಯೋಗಕ್ಕೆ ಬಂತು. ಎಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ, ಸೊಂಡಿಲಿನ ಸಂದಿಗೆ ಮೊದಲು ಚಿಕ್ಕ ಗುಳಿಗೆ ಒತ್ತಬೇಕು ಅನ್ನುವುದೆಲ್ಲ ಅದರಲ್ಲೇ ಕಲಿತೆ. ಆ ಅಚ್ಚಿನಲ್ಲಿ ಈಗ ತಂಗಿಯ ಮಗಳು ಮಣ್ಣಿನ ಆನೆ ತೆಗೆಯುತ್ತಿದ್ದಾಳೆ.

ನಿನ್ನೆ ಪಾಕ ಸುರಿದೆವು. ಮೊದಲ ಆನೆಯ ಬಾಲ ಮುರಿಯಿತು. ಎರಡನೆಯದು ಅವಸರದಲ್ಲಿ ಬಿಚ್ಚಿದ್ದಕ್ಕೆ ಹೊಟ್ಟೆ ಕುಸಿಯಿತು, ಮುಳಗುಂದ ನಾಕಾ ಅಕ್ಕ ಹೇಳಿದ ಹಾಗೇ. ಮೂರನೆಯದನ್ನು ಮುಕ್ಕಾಲು ತಾಸು ಬಿಟ್ಟೆ. ನಾಲ್ಕು ಕಾಲಿನ ಮೇಲೆ ನಿಂತಿದೆ. ಸೊಂಡಿಲಲ್ಲಿ ಹೂವೂ ಇದೆ.

ಮುಳಗುಂದ ನಾಕಾ

ಕಣ್ಣು ತುಂಬಿತು ತಮ್ಮಾ. ಬಾಲದ ಕಡೆ ಪಾಕ ಮೊದಲು ಇಳಿಯುವ ಹಾಗೆ ಅಚ್ಚನ್ನು ಸ್ವಲ್ಪ ವಾಲಿಸಿ ಸುರಿ, ಮುರಿಯುವುದಿಲ್ಲ. ಅವ್ವನಿಗೆ ನನ್ನ ನಮಸ್ಕಾರ ಹೇಳು.

ಕಪ್ಪತಗುಡ್ಡ ಗಾಳಿ

ನಮ್ಮ ಮನೆಯಲ್ಲಿ ಒಂಟೆಯ ಬಲ ಹೋಳು ಒಂದೇ ಇದೆ. ಪಿಒಪಿ ಎಷ್ಟು ಗಟ್ಟಿ ಕಲಸಿದಿರಿ?

ಉಣಕಲ್ ದಂಡೆ

ದೋಸೆ ಹಿಟ್ಟಿನ ಹದ. ನೀರಿಗೆ ಪುಡಿ ಉದುರಿಸಿ, ಪುಡಿಗೆ ನೀರು ಹಾಕಬೇಡಿ. ಹತ್ತು ನಿಮಿಷದೊಳಗೆ ಸುರಿದು ಮುಗಿಸಿ. ನಮ್ಮ ಒಂಟೆಯ ಎರಡೂ ಹೋಳು ಇವೆ. ಎಡ ಹೋಳು ಅಳತೆಗೆ ಹೊಂದುತ್ತದಾ ನೋಡೋಣ, ಉದ್ದ ಎಷ್ಟಿದೆ ಅಳೆದು ಹೇಳಿ.